ಪೆಟ್ ಸ್ಟೋರ್ ಕಲಿಸಿದ ಪಾಠ: ಜಾವಾ, ಎಕ್ಸ್‌ಎಂಎಲ್ ಮತ್ತು ಅಂತರ್ಜಾಲದ ಅಂಗಡಿ

ಅಂತರ್ಜಾಲದಲ್ಲಿ ಅಂಗಡಿ ತೆರೆಯುವುದೆಂದರೆ ಸರಕಿನ ಚಿತ್ರ ಹಾಕಿ, ಪಕ್ಕದಲ್ಲಿ ಬೆಲೆ ಬರೆದು, ಕೆಳಗೆ 'ಖರೀದಿಸಿ' ಎಂಬ ಗುಂಡಿ ಇಡುವುದು ಎಂದು ಭಾವಿಸಿರುವವರು ಬಹಳ ಮಂದಿ. ಗುಂಡಿಯನ್ನು ಒತ್ತಿದ ಮೇಲಿನ ಕೆಲವೇ ಕ್ಷಣಗಳಲ್ಲಿ ನಡೆಯುವ ಕೆಲಸ ಮಾತ್ರ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸರಕು ದಾಸ್ತಾನಿನಲ್ಲಿ ಇದೆಯೇ ಎಂದು ನೋಡಬೇಕು, ಹಣ ಬಂದಿತೇ ಎಂದು ಖಚಿತಪಡಿಸಿಕೊಳ್ಳಬೇಕು, ಸರಬರಾಜುದಾರನಿಗೆ ಸುದ್ದಿ ಮುಟ್ಟಿಸಬೇಕು, ಗ್ರಾಹಕನಿಗೆ ರಸೀದಿ ಕಳುಹಿಸಬೇಕು. ಇವುಗಳಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತರೂ ಯಾರದೋ ಹಣ ಖಾತೆಯಿಂದ ಹೋಗಿರುತ್ತದೆ, ಸರಕು ಬಂದಿರುವುದಿಲ್ಲ.

ಇಂತಹ ತಾಣವನ್ನು ಕಟ್ಟುವ ವಿದ್ಯೆಯನ್ನು ಜಗತ್ತಿನ ಅಸಂಖ್ಯ ತಂತ್ರಜ್ಞರು ಕಲಿತದ್ದು ಒಂದು ಕಾಲ್ಪನಿಕ ಅಂಗಡಿಯಿಂದ. ಹಕ್ಕಿ, ಮೀನು, ನಾಯಿ, ಬೆಕ್ಕು ಮತ್ತು ಸರೀಸೃಪಗಳನ್ನು 'ಮಾರುವ' ಆ ಅಂಗಡಿಯ ಹೆಸರು ಜಾವಾ ಪೆಟ್ ಸ್ಟೋರ್. ಅಲ್ಲಿ ಒಂದು ಗಿಣಿಯೂ ನಿಜವಾಗಿ ಮಾರಾಟವಾಗಲಿಲ್ಲ. ಆದರೂ ತಂತ್ರಾಂಶ ಜಗತ್ತಿನಲ್ಲಿ ಅದರಷ್ಟು ಚರ್ಚೆಗೆ ಒಳಗಾದ ಮಾದರಿ ತಾಣಗಳು ಕಡಿಮೆ. ಇಂದು ಈ ವಿದ್ಯೆಗೆ ಕೈಹಾಕುವವರಿಗೂ ಅದರ ಕಥೆ ಉತ್ತಮ ಪಠ್ಯವಾಗಬಲ್ಲದು.

ಎರಡು ಉಪಕರಣಗಳು, ಎರಡು ಉದ್ದೇಶಗಳು

ಜಾವಾ ಒಂದು ಪ್ರೋಗ್ರಾಮಿಂಗ್ ಭಾಷೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ 1991ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಮೊದಲಿಗೆ 'ಓಕ್' ಎಂದು ಕರೆಯಲ್ಪಟ್ಟ ಭಾಷೆ 1995ರಲ್ಲಿ ಜಾವಾ ಎಂಬ ಹೆಸರಿನಿಂದ ಬಹಿರಂಗವಾಯಿತು. ಒಮ್ಮೆ ಬರೆದ ಪ್ರೋಗ್ರಾಂ ಬೇರೆ ಬೇರೆ ಬಗೆಯ ಗಣಕಯಂತ್ರಗಳಲ್ಲಿ ಬದಲಾವಣೆಯಿಲ್ಲದೆ ಓಡಬೇಕು ಎಂಬುದು ಅದರ ಮುಖ್ಯ ಆಶಯವಾಗಿತ್ತು.

ಎಕ್ಸ್‌ಎಂಎಲ್ ಪ್ರೋಗ್ರಾಮಿಂಗ್ ಭಾಷೆಯಲ್ಲ. ಅದು ಮಾಹಿತಿಗೆ ಹೆಸರುಪಟ್ಟಿ ಅಂಟಿಸಿ ಬರೆಯುವ ಒಂದು ಕ್ರಮ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1998ರ ಫೆಬ್ರವರಿ 10ರಂದು ಅದರ ಮೊದಲ ಆವೃತ್ತಿಗೆ ಅಂಗೀಕಾರ ನೀಡಿತು. ಪುಟ ಹೇಗೆ ಕಾಣಿಸಬೇಕೆಂಬುದನ್ನು ಎಚ್‌ಟಿಎಂಎಲ್ ಹೇಳಿದರೆ, ಒಳಗಿರುವ ಮಾಹಿತಿ ಏನೆಂಬುದನ್ನು ಎಕ್ಸ್‌ಎಂಎಲ್ ಹೇಳುತ್ತದೆ. '250' ಎಂದು ಬರೆದರೆ ಅದು ಬೆಲೆಯೋ, ತೂಕವೋ, ಪುಟಗಳ ಸಂಖ್ಯೆಯೋ ಯಂತ್ರಕ್ಕೆ ತಿಳಿಯದು. ಆ ಅಂಕಿಯ ಎರಡೂ ಬದಿಗೆ 'ಬೆಲೆ' ಎಂಬ ಗುರುತನ್ನು ಇಟ್ಟರೆ ಗೊಂದಲ ಉಳಿಯುವುದಿಲ್ಲ.

ಈ ಎರಡರ ಜೋಡಿ ಅಂಗಡಿಯ ಕೆಲಸಕ್ಕೆ ಒಪ್ಪುವುದು ಈ ಕಾರಣಕ್ಕೇ. ಲೆಕ್ಕ ಹಾಕುವುದು, ನಿರ್ಧರಿಸುವುದು, ದಾಸ್ತಾನು ತಿದ್ದುವುದು ಜಾವಾದ ಪಾಲು. ಒಂದು ಗಣಕದಿಂದ ಇನ್ನೊಂದಕ್ಕೆ ಆದೇಶವನ್ನು ಒಯ್ಯುವ ಪತ್ರ ಎಕ್ಸ್‌ಎಂಎಲ್‌ನದು. ಅಂಗಡಿಯವರು ಜಾವಾ ಬಳಸುತ್ತಿದ್ದು ಸರಬರಾಜುದಾರರು ಬೇರಾವುದೋ ಭಾಷೆಯ ತಂತ್ರಾಂಶ ಇಟ್ಟುಕೊಂಡಿದ್ದರೂ ಪತ್ರದ ನಮೂನೆ ಇಬ್ಬರಿಗೂ ಗೊತ್ತಿದ್ದರೆ ವ್ಯವಹಾರ ನಡೆಯುತ್ತದೆ.

ಸಾಕುಪ್ರಾಣಿಗಳ ಕಾಲ್ಪನಿಕ ಅಂಗಡಿ

ದೊಡ್ಡ ಉದ್ದಿಮೆಗಳ ತಾಣಗಳಿಗಾಗಿ ಸನ್ ಸಂಸ್ಥೆ 1999ರ ಡಿಸೆಂಬರ್‌ನಲ್ಲಿ 'ಜೆ2ಇಇ' ಎಂಬ ವೇದಿಕೆಯನ್ನು ಬಿಡುಗಡೆ ಮಾಡಿತು. ಸರ್ವ್‌ಲೆಟ್, ಜೆಎಸ್‌ಪಿ, ಇಜೆಬಿ, ಜೆಎಂಎಸ್ ಹೀಗೆ ಹತ್ತಾರು ಹೊಸ ಹೆಸರುಗಳು ಅದರೊಡನೆ ಬಂದವು. ಇವೆಲ್ಲವನ್ನೂ ಒಟ್ಟಿಗೆ ಹೇಗೆ ಬಳಸಬೇಕೆಂದು ತೋರಿಸಲು 'ಬ್ಲೂಪ್ರಿಂಟ್ಸ್' ಎಂಬ ಮಾರ್ಗದರ್ಶಿ ಯೋಜನೆಯ ಅಡಿಯಲ್ಲಿ ಪೆಟ್ ಸ್ಟೋರ್ ಸಿದ್ಧವಾಯಿತು. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಇಳಿಸಿಕೊಂಡು, ಬಿಚ್ಚಿ ನೋಡಿ, ತಿದ್ದಿ ಕಲಿಯಬಹುದಾಗಿತ್ತು.

ಅದರ 1.3ನೇ ಆವೃತ್ತಿಯಲ್ಲಿ ನಾಲ್ಕು ಪ್ರತ್ಯೇಕ ಭಾಗಗಳಿದ್ದವು. ಗ್ರಾಹಕರು ನೋಡುವ ಅಂಗಡಿ ಮೊದಲನೆಯದು. ಬಂದ ಆದೇಶಗಳನ್ನು ನಿರ್ವಹಿಸುವ ಕೇಂದ್ರ ಎರಡನೆಯದು. ದಾಸ್ತಾನು ಇಟ್ಟುಕೊಂಡು ಸರಕು ರವಾನಿಸುವ ಸರಬರಾಜುದಾರನ ವ್ಯವಸ್ಥೆ ಮೂರನೆಯದು. ದೊಡ್ಡ ಮೊತ್ತದ ಆದೇಶಗಳನ್ನು ಪರಿಶೀಲಿಸಿ ಒಪ್ಪಿಗೆ ನೀಡುವ ಆಡಳಿತಗಾರನ ತೆರೆ ನಾಲ್ಕನೆಯದು. ಈ ಭಾಗಗಳ ನಡುವೆ ಓಡಾಡುತ್ತಿದ್ದ ಖರೀದಿ ಆದೇಶ ಮತ್ತು ಸರಕುಪಟ್ಟಿಗಳು ಎಕ್ಸ್‌ಎಂಎಲ್ ರೂಪದಲ್ಲಿದ್ದವು. ಆರಂಭದಲ್ಲಿ ಡೇಟಾಬೇಸಿಗೆ ತುಂಬುವ ಪ್ರಾಣಿಗಳ ಪಟ್ಟಿ, ಯಾವ ವಿಳಾಸಕ್ಕೆ ಯಾವ ಕ್ರಿಯೆ ಎಂಬ ನಕ್ಷೆ, ತಂತ್ರಾಂಶವನ್ನು ಸರ್ವರ್‌ನಲ್ಲಿ ನೆಲೆಗೊಳಿಸುವ ಸೂಚನೆಗಳು ಕೂಡ ಎಕ್ಸ್‌ಎಂಎಲ್ ಕಡತಗಳೇ ಆಗಿದ್ದವು.

ಮರೆಗುಳಿ ಸರ್ವರ್ ಮತ್ತು ಖರೀದಿ ಬುಟ್ಟಿ

ಕಲಿಯುವವರಿಗೆ ಎದುರಾಗುವ ಮೊದಲ ವಿಚಿತ್ರವೆಂದರೆ ವೆಬ್ ಸರ್ವರ್‌ನ ಮರೆವು. ಬ್ರೌಸರ್ ಮತ್ತು ಸರ್ವರ್ ಮಾತನಾಡುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಪ್ರತಿಯೊಂದು ಕೋರಿಕೆಯೂ ಸ್ವತಂತ್ರ. ಮೊದಲ ಕೋರಿಕೆಯಲ್ಲಿ ಬುಟ್ಟಿಗೆ ಮೀನು ಹಾಕಿದವರೇ ಎರಡನೆಯ ಕೋರಿಕೆಯಲ್ಲಿ ಹಕ್ಕಿ ಕೇಳುತ್ತಿದ್ದಾರೆ ಎಂಬುದು ಸರ್ವರ್‌ಗೆ ತಾನಾಗಿ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಕುಕಿ. ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ 1994ರಲ್ಲಿ ಇದನ್ನು ರೂಪಿಸಿದಾಗ ಎದುರಿಗಿದ್ದ ಸಮಸ್ಯೆಗಳಲ್ಲಿ ಖರೀದಿ ಬುಟ್ಟಿಯೂ ಒಂದು. ಚಪ್ಪಲಿ ಬಿಡುವ ಜಾಗದಲ್ಲಿ ಕೊಡುವ ಟೋಕನ್‌ನಂತೆ, ಸರ್ವರ್ ಮೊದಲ ಭೇಟಿಯಲ್ಲಿ ಒಂದು ಗುರುತಿನ ಸಂಖ್ಯೆಯನ್ನು ಬ್ರೌಸರ್‌ಗೆ ಕೊಡುತ್ತದೆ. ಬ್ರೌಸರ್ ಪ್ರತಿ ಸಲವೂ ಅದನ್ನು ತೋರಿಸುತ್ತದೆ. ಆ ಸಂಖ್ಯೆಗೆ ಸೇರಿದ ಬುಟ್ಟಿ ಸರ್ವರ್‌ನಲ್ಲೇ ಇರುತ್ತದೆ. ಜಾವಾದ ಸರ್ವ್‌ಲೆಟ್‌ಗಳಲ್ಲಿ ಈ ಏರ್ಪಾಡನ್ನು 'ಸೆಷನ್' ಎನ್ನುತ್ತಾರೆ.

ಟೋಕನ್ ಕಳ್ಳನ ಕೈಗೆ ಸಿಕ್ಕರೆ ಚಪ್ಪಲಿ ಅವನದಾಗುವಂತೆ, ಈ ಸಂಖ್ಯೆ ಕದ್ದವನಿಗೆ ಗ್ರಾಹಕನ ಬುಟ್ಟಿ ಮತ್ತು ಖಾತೆ ಎರಡೂ ತೆರೆದುಕೊಳ್ಳುತ್ತವೆ. ಆದುದರಿಂದ ತಾಣದ ಎಲ್ಲ ಪುಟಗಳೂ ಗೂಢಲಿಪೀಕರಣಗೊಂಡ ಎಚ್‌ಟಿಟಿಪಿಎಸ್ ಮೂಲಕವೇ ಸಾಗಬೇಕು. ಗ್ರಾಹಕ ಲಾಗಿನ್ ಆದ ಕೂಡಲೇ ಹಳೆಯ ಸಂಖ್ಯೆಯನ್ನು ರದ್ದುಪಡಿಸಿ ಹೊಸದನ್ನು ನೀಡಬೇಕು.

ಆದೇಶವೆಂಬ ಪತ್ರ

ಎಕ್ಸ್‌ಎಂಎಲ್ ಯೂನಿಕೋಡ್ ಲಿಪಿಗಳನ್ನು ಒಪ್ಪುವುದರಿಂದ ಗುರುತುಗಳ ಹೆಸರನ್ನೂ ಕನ್ನಡದಲ್ಲಿ ಇಡಬಹುದು. ಪೆಟ್ ಸ್ಟೋರ್‌ನಲ್ಲಿ ಇದ್ದದ್ದು ಇಂಗ್ಲಿಷ್ ಗುರುತುಗಳು. ಅಂಥದೇ ಒಂದು ಆದೇಶವನ್ನು ಕನ್ನಡದಲ್ಲಿ ಸರಳಗೊಳಿಸಿ ಬರೆದರೆ ಹೀಗಿರುತ್ತದೆ:

<ಆದೇಶ ಸಂಖ್ಯೆ="1001">
  <ಗ್ರಾಹಕ>ಸುಮಾ</ಗ್ರಾಹಕ>
  <ಸರಕು>
    <ಹೆಸರು>ಗೋಲ್ಡ್ ಫಿಷ್</ಹೆಸರು>
    <ಎಣಿಕೆ>2</ಎಣಿಕೆ>
    <ಬೆಲೆ ನಾಣ್ಯ="ಡಾಲರ್">5.50</ಬೆಲೆ>
  </ಸರಕು>
  <ಒಟ್ಟು>11.00</ಒಟ್ಟು>
</ಆದೇಶ>

ತೆರೆದ ಪ್ರತಿ ಗುರುತೂ ಮುಚ್ಚಿರಬೇಕು, ಒಳಗೆ ತೆರೆದದ್ದು ಮೊದಲು ಮುಚ್ಚಬೇಕು, ಇಡೀ ಪತ್ರಕ್ಕೆ ಒಂದೇ ಹೊರಕವಚ ಇರಬೇಕು. ಈ ನಿಯಮಗಳನ್ನು ಪಾಲಿಸಿದ ಪತ್ರ 'ಸುರಚಿತ' ಎನಿಸಿಕೊಳ್ಳುತ್ತದೆ. ಜಾವಾದಲ್ಲಿ ಇಂತಹ ಪತ್ರವನ್ನು ಓದಲು ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನಗಳು ಎರಡು. 'ಡಾಮ್' ವಿಧಾನ ಇಡೀ ಪತ್ರವನ್ನು ಸ್ಮೃತಿಯಲ್ಲಿ ಮರದಂತೆ ಹರಡಿ ನಿಲ್ಲಿಸುತ್ತದೆ. ಯಾವ ಕೊಂಬೆಗೆ ಬೇಕಾದರೂ ಹೋಗಬಹುದು. 'ಸ್ಯಾಕ್ಸ್' ವಿಧಾನ ಪತ್ರವನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಪ್ರತಿ ಗುರುತು ಬಂದಾಗ ಸುದ್ದಿ ತಿಳಿಸುತ್ತಾ ಹೋಗುತ್ತದೆ. ಹಿಂದಿರುಗಿ ನೋಡುವಂತಿಲ್ಲ, ಆದರೆ ಲಕ್ಷ ಸರಕುಗಳ ಪಟ್ಟಿಯಿದ್ದರೂ ಸ್ಮೃತಿ ತುಂಬುವುದಿಲ್ಲ. ಒಂದು ಆದೇಶ ಓದಲು ಮೊದಲನೆಯದು ಸಾಕು. ಸರಬರಾಜುದಾರನಿಂದ ಬರುವ ಬೃಹತ್ ಪಟ್ಟಿಗೆ ಎರಡನೆಯದು ಲೇಸು.

ಸುರಚಿತವಾದರೆ ಸಾಲದು

ಮೇಲಿನ ಪತ್ರದಲ್ಲಿ ಎಣಿಕೆಯ ಜಾಗದಲ್ಲಿ 2ರ ಬದಲು -2 ಎಂದು ಯಾರಾದರೂ ಬರೆದರೆ ಏನಾಗುತ್ತದೆ? ಪತ್ರ ಆಗಲೂ ಸುರಚಿತವೇ. ಎಚ್ಚರವಿಲ್ಲದ ಪ್ರೋಗ್ರಾಂ ಎಣಿಕೆಯನ್ನು ಬೆಲೆಯೊಂದಿಗೆ ಗುಣಿಸಿ ಒಟ್ಟು ಮೊತ್ತ ಋಣ ಹನ್ನೊಂದು ಡಾಲರ್ ಎಂದು ಲೆಕ್ಕ ಹಾಕುತ್ತದೆ. ಅದೇ ಬುಟ್ಟಿಯಲ್ಲಿ ದುಬಾರಿ ನಾಯಿಮರಿಯೂ ಇದ್ದರೆ ಅದರ ಬೆಲೆಯಲ್ಲಿ ಅಷ್ಟು ಕಡಿತವಾಗಿಬಿಡುತ್ತದೆ.

ಇದನ್ನು ತಡೆಯಲು ಪತ್ರದ ನಮೂನೆಯನ್ನು ಮೊದಲೇ ಘೋಷಿಸಬೇಕು. ಹಳೆಯ ಕ್ರಮದಲ್ಲಿ ಇದಕ್ಕೆ ಡಿಟಿಡಿ ಎಂಬ ವಿವರಣೆ ಇತ್ತು. ಯಾವ ಗುರುತಿನ ಒಳಗೆ ಯಾವ ಗುರುತು ಬರಬೇಕೆಂದು ಅದು ಹೇಳಬಲ್ಲದಾಗಿತ್ತು, ಒಳಗಿರುವುದು ಸಂಖ್ಯೆಯೇ ಎಂದು ಹೇಳಲು ಅದಕ್ಕೆ ಶಕ್ತಿಯಿರಲಿಲ್ಲ. 2001ರಲ್ಲಿ ಅಂಗೀಕಾರವಾದ ಎಕ್ಸ್‌ಎಂಎಲ್ ಸ್ಕೀಮಾ ಆ ಕೊರತೆಯನ್ನು ನೀಗಿತು. ಎಣಿಕೆ ಸೊನ್ನೆಗಿಂತ ದೊಡ್ಡದಾದ ಪೂರ್ಣಾಂಕವಾಗಿರಬೇಕು ಎಂದು ಸ್ಕೀಮಾದಲ್ಲಿ ಬರೆದಿಟ್ಟರೆ -2 ಇರುವ ಪತ್ರ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ.

ಇಷ್ಟಾದರೂ ಮೂರನೆಯ ಪರೀಕ್ಷೆ ಬಾಕಿ ಇರುತ್ತದೆ. ಬೆಲೆ 5.50 ಎಂಬುದು ನಮೂನೆಗೆ ಸರಿಯಾಗಿದೆ. ಅದು ಅಂಗಡಿಯ ನಿಜವಾದ ಬೆಲೆಯೇ? ಅಂಗಡಿ ಕಟ್ಟಲು ಹೊಸದಾಗಿ ಕಲಿತವರು ಬೆಲೆಯನ್ನು ಪುಟದ ಅಡಗಿದ ಜಾಗದಲ್ಲಿ ಬರೆದಿಟ್ಟು, ಗ್ರಾಹಕ ಗುಂಡಿ ಒತ್ತಿದಾಗ ಅಲ್ಲಿಂದಲೇ ವಾಪಸು ಪಡೆಯುವುದುಂಟು. ಪುಟ ಗ್ರಾಹಕನ ಗಣಕದಲ್ಲಿರುವುದರಿಂದ ಐದೂವರೆಯನ್ನು ಐದು ಪೈಸೆಯಾಗಿ ತಿದ್ದುವುದು ಬ್ರೌಸರ್ ಬಲ್ಲವರಿಗೆ ಕಷ್ಟದ ಮಾತಲ್ಲ. ಬ್ರೌಸರ್ ಕಳುಹಿಸಬೇಕಾದದ್ದು ಸರಕಿನ ಗುರುತು ಮತ್ತು ಎಣಿಕೆ ಮಾತ್ರ. ಬೆಲೆಯನ್ನು ಸರ್ವರ್ ತನ್ನ ಡೇಟಾಬೇಸಿನಿಂದಲೇ ತೆಗೆದುಕೊಳ್ಳಬೇಕು.

ಹಣದ ಲೆಕ್ಕ, ಕೊನೆಯ ಗಿಣಿ

ಹಣದ ವಿಚಾರದಲ್ಲಿ ಜಾವಾ ಕಲಿಯುವವರು ಎಡವುವ ಇನ್ನೊಂದು ಜಾಗವಿದೆ. ದಶಾಂಶ ಸಂಖ್ಯೆಗಳಿಗಾಗಿ ಪಠ್ಯಪುಸ್ತಕಗಳು ಮೊದಲು ಕಲಿಸುವ 'ಡಬಲ್' ಎಂಬ ಬಗೆಯಲ್ಲಿ 0.1 ಮತ್ತು 0.2 ಕೂಡಿಸಿದರೆ ಬರುವ ಉತ್ತರ 0.30000000000000004. ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವನ್ನು ಕರಾರುವಾಕ್ಕಾಗಿ ಬರೆಯಲಾಗದೆ ಇರುವುದೇ ಇದರ ಕಾರಣ. ಒಂದು ಆದೇಶದಲ್ಲಿ ಈ ವ್ಯತ್ಯಾಸ ಕಾಣದು. ಸಾವಿರಾರು ಆದೇಶಗಳ ನಂತರ ಲೆಕ್ಕಪತ್ರ ತಾಳೆಯಾಗದೆ ಹೋಗುತ್ತದೆ. ಹಣಕ್ಕಾಗಿ 'ಬಿಗ್ ಡೆಸಿಮಲ್' ಎಂಬ ಬಗೆಯನ್ನು ಬಳಸಬೇಕು, ಇಲ್ಲವೇ ಎಲ್ಲವನ್ನೂ ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡಬೇಕು.

ದಾಸ್ತಾನಿನಲ್ಲಿ ಒಂದೇ ಗಿಣಿ ಉಳಿದಿದೆ ಎಂದುಕೊಳ್ಳೋಣ. ಇಬ್ಬರು ಗ್ರಾಹಕರು ಒಂದೇ ಕ್ಷಣದಲ್ಲಿ ಗುಂಡಿ ಒತ್ತುತ್ತಾರೆ. ಇಬ್ಬರ ಪರವಾಗಿಯೂ ಪ್ರೋಗ್ರಾಂ ದಾಸ್ತಾನು ನೋಡುತ್ತದೆ, ಎರಡೂ ಸಲ '1' ಎಂಬ ಉತ್ತರ ಬರುತ್ತದೆ, ಇಬ್ಬರಿಗೂ ಗಿಣಿ ಮಾರಾಟವಾಗುತ್ತದೆ. ನೋಡುವುದು ಮತ್ತು ಕಳೆಯುವುದು ಎರಡು ಬೇರೆ ಹೆಜ್ಜೆಗಳಾಗಿದ್ದದ್ದೇ ಇಲ್ಲಿನ ದೋಷ. 'ದಾಸ್ತಾನು ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದು ಕಳೆ' ಎಂದು ಡೇಟಾಬೇಸಿಗೆ ಒಂದೇ ಆಜ್ಞೆಯಲ್ಲಿ ಹೇಳಿದರೆ ಒಬ್ಬರಿಗಷ್ಟೇ ಅದು ಫಲಿಸುತ್ತದೆ.

ಆದೇಶ ದಾಖಲಿಸುವುದು, ದಾಸ್ತಾನು ಕಳೆಯುವುದು, ಸರಬರಾಜುದಾರನಿಗೆ ಬರೆದ ಪತ್ರವನ್ನು ಸರದಿಗೆ ಸೇರಿಸುವುದು ಇವೆಲ್ಲವೂ ಒಟ್ಟಿಗೆ ಆಗಬೇಕು, ಇಲ್ಲವಾದರೆ ಯಾವುದೂ ಆಗಬಾರದು. ಈ ಕಟ್ಟನ್ನು 'ಟ್ರಾನ್ಸಾಕ್ಷನ್' ಎನ್ನುತ್ತಾರೆ. ಜೆ2ಇಇ ವೇದಿಕೆ ಉದ್ದಿಮೆಗಳಿಗೆ ಪ್ರಿಯವಾಗಲು ಈ ಹೊಣೆಯನ್ನು ಅದು ತಾನೇ ಹೊತ್ತುಕೊಂಡದ್ದು ದೊಡ್ಡ ಕಾರಣವಾಗಿತ್ತು.

ಪತ್ರ ಎರಡು ಸಲ ಬಂದರೆ?

ಪೆಟ್ ಸ್ಟೋರ್‌ನ ಅಂಗಡಿ ಆದೇಶವನ್ನು ನಿರ್ವಹಣಾ ಕೇಂದ್ರಕ್ಕೆ ನೇರವಾಗಿ ಕೊಡದೆ ಸಂದೇಶಗಳ ಸರದಿಯೊಂದಕ್ಕೆ ಹಾಕುತ್ತಿತ್ತು. ಅಂಚೆ ಡಬ್ಬಿಗೆ ಪತ್ರ ಹಾಕಿ ಮನೆಗೆ ಮರಳುವಂತೆ ಈ ಕ್ರಮ. ಸರಬರಾಜುದಾರನ ಗಣಕ ಆ ಹೊತ್ತಿಗೆ ಕೆಟ್ಟು ನಿಂತಿದ್ದರೂ ಅಂಗಡಿಯ ಬಾಗಿಲು ಮುಚ್ಚಬೇಕಾಗುವುದಿಲ್ಲ. ಗ್ರಾಹಕನಿಗೆ 'ಆದೇಶ ಸ್ವೀಕೃತವಾಗಿದೆ' ಎಂದು ತಿಳಿಸಿ ಮುಂದಿನ ಕೆಲಸವನ್ನು ಸರದಿಗೆ ಬಿಡಬಹುದು.

ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ಪತ್ರ ತಲುಪಿತೆಂಬ ಉತ್ತರ ದಾರಿಯಲ್ಲಿ ಕಳೆದುಹೋದರೆ ಸರದಿ ಅದೇ ಪತ್ರವನ್ನು ಮತ್ತೊಮ್ಮೆ ಕಳುಹಿಸುತ್ತದೆ. ಆಗ ಎರಡು ಮೀನು ಕೇಳಿದವರಿಗೆ ನಾಲ್ಕು ಬರುತ್ತವೆ. ಪ್ರತಿ ಆದೇಶಕ್ಕೂ ಒಂದು ಸಂಖ್ಯೆಯಿಟ್ಟು, ಆ ಸಂಖ್ಯೆ ಈಗಾಗಲೇ ನಿರ್ವಹಣೆಯಾಗಿದ್ದರೆ ಸುಮ್ಮನಿರುವಂತೆ ಬರೆಯುವುದೇ ಇದಕ್ಕೆ ಉಪಾಯ. ಹಣ ಪಾವತಿಸುವಾಗ ಪುಟ ತಡವಾದರೆ ಮತ್ತೆ ಮತ್ತೆ ಗುಂಡಿ ಒತ್ತುವ ಗ್ರಾಹಕರಿಂದ ಎರಡು ಬಾರಿ ಹಣ ಕಡಿತವಾಗದಂತೆ ಕಾಯುವುದೂ ಇದೇ ಉಪಾಯ.

ಮೈಕ್ರೋಸಾಫ್ಟ್ ಎಸೆದ ಸವಾಲು

ಪೆಟ್ ಸ್ಟೋರ್ ಪ್ರಸಿದ್ಧವಾದದ್ದು ಪಾಠದಿಂದಷ್ಟೇ ಅಲ್ಲ, ಜಗಳದಿಂದಲೂ ಹೌದು. 2001ರಲ್ಲಿ ಮೈಕ್ರೋಸಾಫ್ಟ್ ತನ್ನ ಡಾಟ್‌ನೆಟ್ ವೇದಿಕೆಯಲ್ಲಿ ಅದೇ ಅಂಗಡಿಯನ್ನು 'ಪೆಟ್ ಶಾಪ್' ಎಂಬ ಹೆಸರಿನಲ್ಲಿ ಕಟ್ಟಿ, ತನ್ನದು ಕಡಿಮೆ ಸಾಲುಗಳಲ್ಲಿ ಮುಗಿದಿದೆ, ಹೆಚ್ಚು ವೇಗವಾಗಿ ಓಡುತ್ತದೆ ಎಂದು ಸಾರಿತು. 2002ರಲ್ಲಿ ದಿ ಮಿಡ್ಲ್‌ವೇರ್ ಕಂಪನಿ ನಡೆಸಿದ ಹೋಲಿಕೆ ಪರೀಕ್ಷೆ ಈ ವಿವಾದಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ಪೆಟ್ ಸ್ಟೋರ್ ವಿನ್ಯಾಸ ಕಲಿಸಲು ಬರೆದ ಮಾದರಿ, ಓಟದ ಸ್ಪರ್ಧೆಗೆ ಸಿದ್ಧಪಡಿಸಿದ್ದಲ್ಲ ಎಂಬುದು ಜಾವಾ ಪಕ್ಷದ ಉತ್ತರವಾಗಿತ್ತು.

ಎರಡೂ ವಾದಗಳಲ್ಲಿ ಸತ್ಯಾಂಶವಿತ್ತು. ಜೆ2ಇಇಯ 'ಎಂಟಿಟಿ ಬೀನ್' ಎಂಬ ಘಟಕ ಡೇಟಾಬೇಸಿನ ಪ್ರತಿ ಸಾಲಿಗೂ ಒಂದು ವಸ್ತುವನ್ನು ಸೃಷ್ಟಿಸುತ್ತಿತ್ತು. ಇದನ್ನು ಅಜಾಗರೂಕತೆಯಿಂದ ಬಳಸಿದರೆ ಇಪ್ಪತ್ತು ಸರಕುಗಳ ಪಟ್ಟಿ ತೋರಿಸಲು ಪಟ್ಟಿಗೆ ಒಂದು, ಪ್ರತಿ ಸರಕಿಗೂ ಒಂದರಂತೆ ಇಪ್ಪತ್ತು, ಒಟ್ಟು ಇಪ್ಪತ್ತೊಂದು ಪ್ರಶ್ನೆಗಳು ಡೇಟಾಬೇಸಿಗೆ ಹೋಗುತ್ತಿದ್ದವು. ಒಂದೇ ಪ್ರಶ್ನೆಯಲ್ಲಿ ಮುಗಿಯಬಹುದಾದ ಕೆಲಸವದು. ಓದುವುದಕ್ಕಷ್ಟೇ ಬೇಕಾದ ಪಟ್ಟಿಯನ್ನು ಡೇಟಾಬೇಸಿನಿಂದ ನೇರವಾಗಿ ತರಬೇಕೆಂದು ಬ್ಲೂಪ್ರಿಂಟ್ಸ್ ತಂಡವೇ ಸೂಚಿಸಿತ್ತು. ಸೂಚನೆಯನ್ನು ಓದದೆ ಸಂಕೇತವನ್ನಷ್ಟೇ ನಕಲು ಮಾಡಿದವರು ನಿಧಾನಗತಿಯ ತಾಣಗಳನ್ನು ಕಟ್ಟಿದರು.

ಜಗಳದಿಂದ ಒಳ್ಳೆಯದೂ ಆಯಿತು. ಕ್ಲಿಂಟನ್ ಬೆಗಿನ್ ಎಂಬ ತಂತ್ರಜ್ಞ 2002ರಲ್ಲಿ 'ಜೆಪೆಟ್‌ಸ್ಟೋರ್' ಎಂಬ ಹಗುರವಾದ ಜಾವಾ ಅಂಗಡಿಯನ್ನು ಬರೆದು ತೋರಿಸಿದರು. ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿಟ್ಟು ಜಾವಾ ವಸ್ತುಗಳಿಗೆ ಜೋಡಿಸುವ 'ಐಬ್ಯಾಟಿಸ್' ಆ ಮೂಲಕ ಬೆಳಕಿಗೆ ಬಂತು. 2010ರಲ್ಲಿ ಅದು 'ಮೈಬ್ಯಾಟಿಸ್' ಎಂಬ ಹೆಸರು ಪಡೆಯಿತು. ಆ ಬಳಗದ ಜೆಪೆಟ್‌ಸ್ಟೋರ್ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಕಲಿಯುವವರಿಗೆ ಮೊದಲು ಬಿಚ್ಚಿ ನೋಡಲು ಅದು ತಕ್ಕ ಗಾತ್ರದ್ದು.

ಬೆಂಗಳೂರಿನ ನಂಟು

ಈ ವಿದ್ಯೆಗೂ ಕರ್ನಾಟಕಕ್ಕೂ ಇರುವ ಸಂಬಂಧ ಹಳೆಯದು. ಭಾರತದ ಆರಂಭಿಕ ಆನ್‌ಲೈನ್ ಅಂಗಡಿಗಳಲ್ಲಿ ಒಂದಾದ ಫ್ಯಾಬ್‌ಮಾರ್ಟ್ 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮುಂದೆ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ನಡೆದು 2013ರಲ್ಲಿ ಮುಚ್ಚಿತು. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಇದೇ ನಗರದಲ್ಲಿ ಪುಸ್ತಕ ಮಾರಾಟದಿಂದ ಫ್ಲಿಪ್‌ಕಾರ್ಟ್ ಆರಂಭಿಸಿದರು. ಫ್ಯಾಬ್‌ಮಾರ್ಟ್ ಕಟ್ಟಿದವರಲ್ಲಿ ಕೆಲವರು ಸೇರಿ 2011ರಲ್ಲಿ ಬಿಗ್‌ಬ್ಯಾಸ್ಕೆಟ್ ತೆರೆದರು.

ಕನ್ನಡದ ಗ್ರಾಹಕರಿಗೆ ಸಂಬಂಧಿಸಿದ ಒಂದು ತಾಂತ್ರಿಕ ಅಂಶವನ್ನು ಇಲ್ಲಿ ಹೇಳಬೇಕು. ಜಾವಾ ಹುಟ್ಟಿನಿಂದಲೇ ಯೂನಿಕೋಡ್ ಬಲ್ಲದು. ಎಕ್ಸ್‌ಎಂಎಲ್ ಬೇರೇನೂ ಹೇಳದಿದ್ದರೆ ತನ್ನ ಪತ್ರವನ್ನು ಯುಟಿಎಫ್-8 ಎಂದೇ ಭಾವಿಸುತ್ತದೆ. ಆದರೆ ಹಳೆಯ ಸರ್ವ್‌ಲೆಟ್ ನಿಯಮದಂತೆ ಬ್ರೌಸರ್ ಕಳುಹಿಸಿದ ಅಕ್ಷರಗಳನ್ನು, ಬೇರೆ ಸೂಚನೆ ಇಲ್ಲದಿದ್ದರೆ, ಪಶ್ಚಿಮ ಯೂರೋಪಿನ ಲಿಪಿ ಎಂದು ಓದಲಾಗುತ್ತಿತ್ತು. 'ಸುಮಾ' ಎಂದು ಬರೆದ ವಿಳಾಸ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಡೇಟಾಬೇಸಿಗೆ ಸೇರುತ್ತಿದ್ದದ್ದು ಹೀಗೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಹೆಸರಿಗೆ ಮೂವತ್ತು ಬೈಟ್ ಸಾಕೆಂದು ಇಂಗ್ಲಿಷ್ ಹೆಸರುಗಳನ್ನು ನೋಡಿ ನಿರ್ಧರಿಸಿದ ತಾಣದಲ್ಲಿ ಕನ್ನಡದ ಹತ್ತು ಸಂಕೇತಗಳಿಗೇ ಜಾಗ ಮುಗಿಯುತ್ತದೆ. ಒತ್ತಕ್ಷರ, ಕಾಗುಣಿತಗಳೂ ಪ್ರತ್ಯೇಕ ಸಂಕೇತಗಳಾದ್ದರಿಂದ ಅದು ಐದಾರು ಅಕ್ಷರಗಳಿಗೆ ಸಮ. ಬ್ರೌಸರ್, ಸರ್ವರ್, ಡೇಟಾಬೇಸ್ ಮೂರೂ ಕಡೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿದರೆ ಪಾರ್ಸೆಲ್ ಸರಿಯಾದ ಮನೆಗೆ ತಲುಪುತ್ತದೆ.

ಎಚ್ಚರ ತಪ್ಪಿದರೆ

ಎಕ್ಸ್‌ಎಂಎಲ್ ಪತ್ರದಲ್ಲಿ ಹೊರಗಿನ ಕಡತವೊಂದನ್ನು ಉಲ್ಲೇಖಿಸಿ 'ಅದರ ವಿಷಯವನ್ನು ಇಲ್ಲಿ ಸೇರಿಸು' ಎನ್ನುವ ಅವಕಾಶ ಮೊದಲಿನಿಂದಲೂ ಇದೆ. ಆದೇಶದ ಸೋಗಿನಲ್ಲಿ ಬಂದ ಪತ್ರ ಸರ್ವರ್‌ನ ಗುಪ್ತ ಕಡತವನ್ನೇ ಉಲ್ಲೇಖಿಸಿದರೆ ಅದನ್ನು ಓದುವ ಪ್ರೋಗ್ರಾಂ ಗುಟ್ಟನ್ನು ತಾನೇ ತೆಗೆದು ಕೊಟ್ಟಂತಾಗುತ್ತದೆ. ವೆಬ್ ಭದ್ರತೆಗೆ ಸಂಬಂಧಿಸಿದ ಓವಾಸ್ಪ್ ಸಂಸ್ಥೆ 2017ರ ತನ್ನ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ನೀಡಿತ್ತು. 'ಬಿಲಿಯನ್ ಲಾಫ್ಸ್' ಎಂಬ ಇನ್ನೊಂದು ದಾಳಿಯಲ್ಲಿ ಒಂದು ಪುಟ್ಟ ಪದವನ್ನು ಹತ್ತು ಪಟ್ಟು, ಅದನ್ನು ಮತ್ತೆ ಹತ್ತು ಪಟ್ಟು ಎಂದು ಒಂಬತ್ತು ಮೆಟ್ಟಿಲು ಬೆಳೆಸಿ ನೂರು ಕೋಟಿ ಪ್ರತಿಗಳಾಗಿಸಿ ಸರ್ವರ್‌ನ ಸ್ಮೃತಿಯನ್ನು ಉಸಿರುಗಟ್ಟಿಸಲಾಗುತ್ತದೆ. ಹೊರಗಿನಿಂದ ಬಂದ ಪತ್ರಗಳಲ್ಲಿ ಡಿಟಿಡಿ ಮತ್ತು ಹೊರ ಉಲ್ಲೇಖಗಳನ್ನು ನಿಷೇಧಿಸುವುದು ಎರಡಕ್ಕೂ ಮದ್ದು.

ನೆರವಿಗೆ ತಂದುಕೊಂಡ ತಂತ್ರಾಂಶವೂ ಕೈಕೊಡಬಹುದು. ಜಾವಾ ತಾಣಗಳಲ್ಲಿ ಬಳಕೆಯಲ್ಲಿರುವ ಅಪಾಚೆ ಸ್ಟ್ರಟ್ಸ್ ಚೌಕಟ್ಟಿನ ದೋಷವೊಂದಕ್ಕೆ 2017ರ ಮಾರ್ಚ್‌ನಲ್ಲಿ ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸದೆ ಬಿಟ್ಟ ಅಮೆರಿಕದ ಸಾಲಮಾಹಿತಿ ಸಂಸ್ಥೆ ಇಕ್ವಿಫ್ಯಾಕ್ಸ್‌ನೊಳಗೆ ಮೇ ತಿಂಗಳಲ್ಲಿ ನುಸುಳಿದ ದಾಳಿಕೋರರು ಸುಮಾರು 14.7 ಕೋಟಿ ಜನರ ಮಾಹಿತಿ ಕದ್ದರು. 2021ರ ಡಿಸೆಂಬರ್‌ನಲ್ಲಿ 'ಲಾಗ್4ಜೆ' ಎಂಬ ಜಾವಾ ಗ್ರಂಥಾಲಯದಲ್ಲಿ ಬಹಿರಂಗವಾದ ದೋಷ ಜಗತ್ತಿನಾದ್ಯಂತ ತಂತ್ರಜ್ಞರ ನಿದ್ದೆಗೆಡಿಸಿತು. ತಾಣವನ್ನು ಕಟ್ಟಿ ಮುಗಿಸಿದ ಮೇಲೂ ಅದರ ಬಿಡಿಭಾಗಗಳನ್ನು ಕಾಲಕಾಲಕ್ಕೆ ನವೀಕರಿಸುವುದು ಈ ವಿದ್ಯೆಯ ಅಂಗವೇ ಆಗಿದೆ.

ಹಳೆಯ ಪುಸ್ತಕ, ಹೊಸ ನಿಯಮ

ಹಳೆಯ ಪುಸ್ತಕ ಹಿಡಿದು ಕಲಿಯುವವರು ಕೆಲವು ಬದಲಾವಣೆಗಳನ್ನು ಗಮನಿಸಬೇಕು. ಸನ್ ಸಂಸ್ಥೆಯನ್ನು ಒರಾಕಲ್ 2010ರಲ್ಲಿ ಖರೀದಿಸಿತು. ಜೆ2ಇಇಯ ಉತ್ತರಾಧಿಕಾರಿ ವೇದಿಕೆ ಎಕ್ಲಿಪ್ಸ್ ಫೌಂಡೇಷನ್ ಕೈಸೇರಿ 2018ರಲ್ಲಿ 'ಜಕಾರ್ತಾ ಇಇ' ಎಂಬ ಹೆಸರು ಪಡೆಯಿತು. 2020ರ ಒಂಬತ್ತನೆಯ ಆವೃತ್ತಿಯಿಂದ ಸಂಕೇತದೊಳಗಿನ 'ಜಾವಾಎಕ್ಸ್' ಎಂಬ ಪೂರ್ವಪದವೂ 'ಜಕಾರ್ತಾ' ಎಂದಾಯಿತು. ಹಳೆಯ ಪುಸ್ತಕದ ಸರ್ವ್‌ಲೆಟ್ ಅನ್ನು ಹಾಗೆಯೇ ಟಾಮ್‌ಕ್ಯಾಟ್ 10ರಲ್ಲಿ ಹಾಕಿದರೆ ಓಡದಿರುವುದಕ್ಕೆ ಇದೇ ಕಾರಣ. ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆಯುತ್ತಿದ್ದ ಸೂಚನೆಗಳಲ್ಲಿ ಬಹುಪಾಲು ಇಂದು ಜಾವಾ ಸಂಕೇತದೊಳಗೇ ಟಿಪ್ಪಣಿಗಳಾಗಿ ಕುಳಿತಿವೆ. 2014ರಲ್ಲಿ ಬಂದ ಸ್ಪ್ರಿಂಗ್ ಬೂಟ್ ಚಿಕ್ಕ ಅಂಗಡಿಯೊಂದನ್ನು ಕೆಲವೇ ಗಂಟೆಗಳಲ್ಲಿ ಎದ್ದುನಿಲ್ಲಿಸಲು ನೆರವಾಗುತ್ತದೆ.

ಬ್ರೌಸರ್ ಮತ್ತು ಸರ್ವರ್ ನಡುವೆ ಎಕ್ಸ್‌ಎಂಎಲ್ ಜಾಗವನ್ನು ಹಗುರವಾದ ಜೇಸನ್ ಬಹುಮಟ್ಟಿಗೆ ಆಕ್ರಮಿಸಿದೆ. ಹಾಗೆಂದು ಎಕ್ಸ್‌ಎಂಎಲ್ ಕಲಿಯುವುದು ವ್ಯರ್ಥವಲ್ಲ. ತರಕಾರಿ ಅಂಗಡಿಯಲ್ಲಿ ಮೊಬೈಲ್ ತೋರಿಸಿ ಹಣ ಕೊಡುವಾಗ ಯುಪಿಐ ವ್ಯವಸ್ಥೆಯಲ್ಲಿ ಬ್ಯಾಂಕುಗಳ ಮತ್ತು ರಾಷ್ಟ್ರೀಯ ಪಾವತಿ ನಿಗಮದ ನಡುವೆ ಸಾಗುವ ಸಂದೇಶಗಳ ನಮೂನೆ ಎಕ್ಸ್‌ಎಂಎಲ್ ಆಗಿದೆ. ಆಧಾರ್‌ನ ಆಫ್‌ಲೈನ್ ಗುರುತಿನ ಕಡತವೂ ಅದೇ ರೂಪದ್ದು.

ಹಳೆಯ ಪುಸ್ತಕಗಳಿಂದ ಎಂದಿಗೂ ನಕಲು ಮಾಡಬಾರದ ಒಂದು ಭಾಗವಿದೆ. ಪೆಟ್ ಸ್ಟೋರ್‌ನಲ್ಲಿ ಗ್ರಾಹಕರ ಕ್ರೆಡಿಟ್ ಕಾರ್ಡ್ ವಿವರ ಉಳಿಸಿಕೊಳ್ಳಲೆಂದೇ ಒಂದು ಘಟಕವಿತ್ತು. ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಕಾರ್ಡ್ ನೀಡಿದ ಸಂಸ್ಥೆ ಮತ್ತು ಕಾರ್ಡ್ ಜಾಲಗಳನ್ನು ಬಿಟ್ಟು ಬೇರಾರೂ ಕಾರ್ಡಿನ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅಂಗಡಿಯ ಬಳಿ ಇರಬಹುದಾದದ್ದು ಅದರ ಬದಲಿನ ಟೋಕನ್ ಮಾತ್ರ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಕೂಡ ಸಂಕೇತ ಬರೆಯುವವರ ಮೇಜಿನವರೆಗೆ ಬರುತ್ತವೆ. ಗ್ರಾಹಕನ ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿಡುವಂತಿಲ್ಲ. ದೂರು ಬಂದರೆ 48 ಗಂಟೆಗಳೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಎಲ್ಲಿಂದ ಆರಂಭ?

ಕಲಿಕೆಗೆ ಒಂದು ಕ್ರಮವಿದ್ದರೆ ದಾರಿ ಸುಗಮ. ಜಾವಾದ ಮೂಲಪಾಠಗಳ ನಂತರ ಎಚ್‌ಟಿಟಿಪಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು. ಡೇಟಾಬೇಸಿನ ಎಸ್‌ಕ್ಯುಎಲ್ ಭಾಷೆ ಮೂರನೆಯದು. ಗ್ರಾಹಕ ಬರೆದ ಪದಗಳನ್ನು ಆಜ್ಞೆಯೊಳಗೆ ಅಂಟಿಸದೆ ಪ್ರತ್ಯೇಕವಾಗಿ ಕಳುಹಿಸುವ ಶಿಸ್ತನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು. ಅನಂತರ ಯಾವ ಚೌಕಟ್ಟಿನ ಸಹಾಯವೂ ಇಲ್ಲದೆ ಸರ್ವ್‌ಲೆಟ್‌ನಿಂದಲೇ ಹತ್ತು ಸರಕುಗಳ ಒಂದು ಅಂಗಡಿ ಕಟ್ಟಿ ನೋಡಬೇಕು. ಸರಕುಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ಕಡತದಿಂದ ಓದಬೇಕು, ಆದೇಶವನ್ನು ಎಕ್ಸ್‌ಎಂಎಲ್ ಆಗಿ ಬರೆದು ಸ್ಕೀಮಾದಿಂದ ಪರೀಕ್ಷಿಸಬೇಕು. ಸ್ಪ್ರಿಂಗ್ ಬೂಟ್‌ನಂತಹ ಸೌಕರ್ಯಗಳಿಗೆ ಹೋಗುವುದು ಆಮೇಲೆ. ಹಣ ಪಾವತಿಯ ಭಾಗವನ್ನು ಪಾವತಿ ಸಂಸ್ಥೆಗಳು ನೀಡುವ ಪರೀಕ್ಷಾ ವ್ಯವಸ್ಥೆಯಲ್ಲೇ ಅಭ್ಯಾಸ ಮಾಡಬೇಕು.

ಅಂಗಡಿ ಓಡತೊಡಗಿದ ಮೇಲೆ ಅದನ್ನು ಬೇಕೆಂದೇ ಕೆಡಿಸಿ ನೋಡುವುದು ಕೊನೆಯ ಪಾಠ. ಎಣಿಕೆಯಲ್ಲಿ -2 ಬರೆಯಬೇಕು. ಕೊನೆಯ ಗಿಣಿಯನ್ನು ಎರಡು ಬ್ರೌಸರ್‌ಗಳಿಂದ ಒಟ್ಟಿಗೆ ಕೊಳ್ಳಲು ನೋಡಬೇಕು. ಒಂದೇ ಆದೇಶವನ್ನು ಎರಡು ಸಲ ಕಳುಹಿಸಬೇಕು. ವಿಳಾಸವನ್ನು ಕನ್ನಡದಲ್ಲಿ ಬರೆಯಬೇಕು. ವ್ಯವಹಾರದ ನಡುವೆ ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಈ ಐದು ಪರೀಕ್ಷೆಗಳಲ್ಲೂ ಲೆಕ್ಕ ತಾಳೆಯಾದ ಅಂಗಡಿಯನ್ನು ಕಟ್ಟಬಲ್ಲವರ ಕೈಗೆ ಇನ್ನೊಬ್ಬರ ಹಣದ ಹೊಣೆ ಒಪ್ಪಿಸಲು ಉದ್ದಿಮೆಗಳು ಹಿಂಜರಿಯಬೇಕಾಗಿಲ್ಲ.